ಬ್ರೇಕ್ ಬೂಸ್ಟರಿನ ಪೈಪು, ಕ್ರ್ಯಾಂಕ್‌ಕೇಸಿನ ಪೈಪು: ಯಾವುದನ್ನು ಎಲ್ಲಿ ಜೋಡಿಸಬೇಕು?

ಹಳೆಯ ಪೆಟ್ರೋಲ್ ಗಾಡಿಗೆ ಬೇರೆ ಕಾರ್ಬೊರೇಟರ್ ಕೂರಿಸಿದಾಗ, ಇಲ್ಲವೇ ಮೂಲದಲ್ಲಿ ಬೂಸ್ಟರ್ ಇಲ್ಲದ ಜೀಪಿಗೆ ಕಾಲಿನ ಬಲಕ್ಕೆ ನೆರವು ಕೊಡುವ ಬ್ರೇಕ್ ಬೂಸ್ಟರ್ ಕೂಡಿಸಿದಾಗ, ಕೆಲಸದ ಕೊನೆಯಲ್ಲಿ ಎರಡು ಪೈಪುಗಳು ಕೈಯಲ್ಲಿ ಉಳಿಯುತ್ತವೆ. ಒಂದು ಬ್ರೇಕ್ ಬೂಸ್ಟರಿನಿಂದ ಬಂದದ್ದು, ಇನ್ನೊಂದು ಟ್ಯಾಪೆಟ್ ಕವರಿನ ಮೇಲಿರುವ ಪಿಸಿವಿ ವಾಲ್ವಿನಿಂದ, ಅಂದರೆ ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿನಲ್ಲಿ ಸೇರುವ ಅನಿಲವನ್ನು ಹೊರಗೆಳೆಯುವ ವಾಲ್ವಿನಿಂದ, ಬಂದದ್ದು. ಎರಡಕ್ಕೂ ಬೇಕಾದದ್ದು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ, ಅಂದರೆ ಗ್ಯಾರೇಜಿನ ಮಾತಿನಲ್ಲಿ ವ್ಯಾಕ್ಯೂಮ್. ಎರಡೂ ಹೆಚ್ಚುಕಡಿಮೆ ಒಂದೇ ದಪ್ಪದವು. ಮ್ಯಾನಿಫೋಲ್ಡಿನಲ್ಲಿ ಖಾಲಿ ಇರುವ ನಿಪ್ಪಲ್, ಅಂದರೆ ಪೈಪು ಸಿಕ್ಕಿಸುವ ಮೂತಿ, ಮಾತ್ರ ಅನೇಕ ಸಲ ಒಂದೇ ಇರುತ್ತದೆ. ಆಗ ಮೂರು ಬಾಯಿಯ ಒಂದು ಪ್ಲಾಸ್ಟಿಕ್ ಟಿ ತಂದು, ಎರಡೂ ಪೈಪುಗಳನ್ನು ಅದಕ್ಕೆ ಸೇರಿಸಿ, ಕ್ಲಿಪ್ ಬಿಗಿದು ಗಾಡಿಯನ್ನು ಹೊರಗೆ ಕಳುಹಿಸುವುದು ನಮ್ಮಲ್ಲಿ ರೂಢಿ. ಗಾಡಿ ಓಡುತ್ತದೆ, ಬ್ರೇಕೂ ಹಿಡಿಯುತ್ತದೆ. ಆದರೂ ಆ ಟಿ ಅಲ್ಲಿ ಇರಬಾರದು, ಬ್ರೇಕಿನ ಪೈಪು ಯಾರೊಂದಿಗೂ ಪಾಲುದಾರಿಕೆ ಮಾಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಏಕೆ, ಮತ್ತು ಅದರ ಬದಲು ಯಾವ ದಾರಿಗಳಿವೆ ಎಂಬುದನ್ನು ಒಂದೊಂದಾಗಿ ಹೋಲಿಸಿ ನೋಡೋಣ.

ನಾನು ಇದನ್ನು ಕಲಿತದ್ದು ಆಗುಂಬೆ ಘಾಟಿಯಲ್ಲಿ. ಕಾರ್ಬೊರೇಟರ್ ಬದಲಿಸಿ ಎರಡು ವಾರವಾಗಿದ್ದ ನನ್ನ ಹಳೆಯ ಪೆಟ್ರೋಲ್ ಜಿಪ್ಸಿಯಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಮರಳುತ್ತ, ಎರಡನೇ ಗೇರಿನಲ್ಲಿ ಘಾಟಿ ಇಳಿಯುತ್ತಿದ್ದೆ. ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ನಾಲ್ಕೈದನ್ನು ದಾಟಿರಬಹುದು, ಬಾನೆಟಿನೊಳಗಿನಿಂದ ಗಾಳಿ ಸೀಳಿಕೊಂಡು ಹೋಗುವ ಸದ್ದು ಕೇಳಿಸಿತು. ಮುಂದಿನ ತಿರುವಿನಲ್ಲಿ ಪೆಡಲ್ ಎಂದಿನಂತೆಯೇ ಇಳಿಯಿತು, ಅದರ ಮುಂದಿನದರಲ್ಲಿ ಸ್ವಲ್ಪ ಬಿಗಿಯಾಯಿತು, ಮೂರನೆಯದರಲ್ಲಿ ಕಲ್ಲಿನ ಮೇಲೆ ಕಾಲಿಟ್ಟಂತಾಯಿತು. ಸೀಟಿಗೆ ಬೆನ್ನು ಒತ್ತಿ, ಕಾಲಿನ ಪೂರ್ತಿ ಬಲ ಹಾಕಿ, ಮೊದಲನೇ ಗೇರಿಗೆ ಇಳಿಸಿ, ಗುಡ್ಡದ ಬದಿಯ ಮಣ್ಣಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದೆ. ಬಾನೆಟ್ ತೆರೆದಾಗ ಕಂಡದ್ದು ಇಷ್ಟೆ: ಟಿ ಜೋಡಣೆಯ ಪಿಸಿವಿ ಬದಿಯ ಪೈಪು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗಿ ಕಳಚಿಕೊಂಡಿತ್ತು. ಬೂಸ್ಟರಿಗೆ, ಅದರ ಪೈಪಿಗೆ, ಅದರ ವಾಲ್ವಿಗೆ ಏನೂ ಆಗಿರಲಿಲ್ಲ. ಎಂಜಿನ್ನಿನ ಹೊಗೆ ಎಳೆಯುವ ಪೈಪು ಕಳಚಿದ್ದಕ್ಕೆ ಬ್ರೇಕಿನ ನೆರವು ಹೋಗಿತ್ತು.

ಎರಡು ಪೈಪುಗಳ ಗುಣ ಬೇರೆ ಬೇರೆ

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುವಾಗ ಥ್ರಾಟಲ್ ಬಟರ್‌ಫ್ಲೈ, ಅಂದರೆ ಎಕ್ಸಲರೇಟರಿನೊಂದಿಗೆ ತಿರುಗುವ ತಗಡು, ದಾರಿಯನ್ನು ಮುಚ್ಚಿಕೊಂಡಿರುವುದರಿಂದ ಅದರ ಕೆಳಗೆ ನಿರ್ವಾತ ಹುಟ್ಟುತ್ತದೆ. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗಿನಲ್ಲಿರುವಾಗ ವ್ಯಾಕ್ಯೂಮ್ ಗೇಜಿನ ಮುಳ್ಳು ಮಂಗಳೂರಿನಂತಹ ಸಮುದ್ರಮಟ್ಟದ ಊರಿನಲ್ಲಿ ಸಾಮಾನ್ಯವಾಗಿ ಪಾದರಸದ 17ರಿಂದ 21 ಇಂಚಿನ ನಡುವೆ ನಿಲ್ಲುತ್ತದೆ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಅದು ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ, ಕಾಲು ತೆಗೆದು ಇಳಿಜಾರಿನಲ್ಲಿ ಗೇರಿನ ಮೇಲೆ ಬರುವಾಗ 20ನ್ನು ದಾಟಿ ಮೇಲೇರುತ್ತದೆ. ಸಮುದ್ರಮಟ್ಟದಿಂದ 1000 ಅಡಿ ಏರಿದಂತೆಲ್ಲ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಆದ್ದರಿಂದ ಮಂಗಳೂರಿನಲ್ಲಿ 19 ತೋರಿಸುವ ಗಾಡಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದಾಗ 15ರ ಆಸುಪಾಸಿನಲ್ಲಿ ನಿಂತರೆ ಅದು ದೋಷವಲ್ಲ. ಘಾಟಿಯ ತುದಿಯಲ್ಲಿ ಬೂಸ್ಟರಿಗೆ ದೊರೆಯುವ ನಿರ್ವಾತ ಮೊದಲೇ ಕಡಿಮೆ ಎಂಬುದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇದ್ದುದರಲ್ಲಿ ಇನ್ನೊಬ್ಬರಿಗೆ ಪಾಲು ಕೊಡುವಷ್ಟು ಅಲ್ಲಿ ಉಳಿದಿರುವುದಿಲ್ಲ.

ಬೂಸ್ಟರಿನೊಳಗೆ ಒಂದು ರಬ್ಬರ್ ಡಯಾಫ್ರಂ ಇರುತ್ತದೆ. ಪೆಡಲ್ ಮುಟ್ಟದಿರುವಾಗ ಅದರ ಎರಡೂ ಬದಿಗೆ ನಿರ್ವಾತವೇ ಇರುತ್ತದೆ. ಪೆಡಲ್ ಒತ್ತಿದೊಡನೆ ಹಿಂಬದಿಗೆ ಹೊರಗಾಳಿ ನುಗ್ಗಿ, ಎರಡು ಬದಿಯ ಒತ್ತಡದ ಅಂತರವು ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಮುಂದೂಡುತ್ತದೆ. 9 ಇಂಚು ವ್ಯಾಸದ ಡಯಾಫ್ರಂಗೆ 20 ಇಂಚಿನ ನಿರ್ವಾತ ದೊರೆತರೆ ಲೆಕ್ಕದ ಪ್ರಕಾರ ಸುಮಾರು 280 ಕಿಲೋಗ್ರಾಂ ತೂಕದಷ್ಟು ಬಲ ಹುಟ್ಟುತ್ತದೆ. ಕಾಲಿನಿಂದ ಆ ಬಲವನ್ನು ತುಂಬಿಕೊಡುವುದು ಯಾರಿಗೂ ಸುಲಭವಲ್ಲ. ಪೆಡಲ್ ಬಿಟ್ಟಾಗ ಒಳಗೆ ಬಂದಿದ್ದ ಗಾಳಿ ಪೈಪಿನ ಮೂಲಕ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಅಂದರೆ ಈ ಪೈಪಿನಲ್ಲಿ ಬಹುಪಾಲು ಸಮಯ ಏನೂ ಹರಿಯುವುದಿಲ್ಲ. ಹರಿಯುವಾಗ ಮಾತ್ರ ಬೇಗ, ಅಡ್ಡಿಯಿಲ್ಲದೆ ಹರಿಯಬೇಕು, ಏಕೆಂದರೆ ಮುಂದಿನ ತಿರುವಿಗೆ ಮೊದಲು ಬೂಸ್ಟರ್ ಮತ್ತೆ ಖಾಲಿಯಾಗಿರಬೇಕು. ಗಾಳಿಯನ್ನು ಎಂಜಿನ್ನಿನ ಕಡೆಗೆ ಮಾತ್ರ ಬಿಡುವ ನಡುವಿನ ನಾನ್-ರಿಟರ್ನ್ ವಾಲ್ವು ಎಂಜಿನ್ ನಿಂತರೂ ಒಂದೆರಡು ಬಾರಿ ಬ್ರೇಕ್ ಹಿಡಿಯುವಷ್ಟು ನಿರ್ವಾತವನ್ನು ಕಾಪಿಡುತ್ತದೆ. ಆಗುಂಬೆಯಲ್ಲಿ ಎರಡು ತಿರುವುಗಳ ತನಕ ನನ್ನನ್ನು ಕಾಪಾಡಿದ್ದು ಅದೇ.

ಪಿಸಿವಿ ಪೈಪಿನ ಸ್ವಭಾವ ಇದಕ್ಕೆ ಪೂರ್ತಿ ಬೇರೆ. ಉರಿದ ಅನಿಲದಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಲೇ ಇರುತ್ತದೆ. ಅದರಲ್ಲಿ ಸುಡದ ಪೆಟ್ರೋಲ್ ಆವಿ, ನೀರಾವಿ, ಆಮ್ಲದ ಅಂಶ ಎಲ್ಲವೂ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ ಎಂಬುದನ್ನು ಅರಿತರೆ, ಮಳೆಗಾಲದಲ್ಲಿ ಮಣಿಪಾಲದಿಂದ ಕಲ್ಸಂಕಕ್ಕೆ ಬಂದು ಹೋಗುವಷ್ಟೇ ಓಡುವ ಗಾಡಿಯ ಆಯಿಲ್ ಕ್ಯಾಪಿನ ಅಡಿಯಲ್ಲಿ ಹಳದಿ ಬೆರೆತ ಬಿಳಿ ನೊರೆ ಏಕೆ ಕಟ್ಟುತ್ತದೆ ಎಂಬುದು ತಿಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ಉಳಿಯುತ್ತದೆ. ಅದನ್ನು ಹೊರಗೆಳೆಯುವುದು ಪಿಸಿವಿಯ ಕೆಲಸ. ಏರ್ ಫಿಲ್ಟರಿನ ಸ್ವಚ್ಛ ಬದಿಯಿಂದ ಗಾಳಿ ಒಂದು ಪೈಪಿನಲ್ಲಿ ಒಳಬಂದು, ಕ್ರ್ಯಾಂಕ್‌ಕೇಸನ್ನು ತೊಳೆದುಕೊಂಡು, ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ ಹೋಗಿ ಮತ್ತೆ ಉರಿಯುತ್ತದೆ. ಐಡ್ಲಿಂಗಿನಲ್ಲಿ ನಿರ್ವಾತ ಹೆಚ್ಚಾದಾಗ ವಾಲ್ವಿನ ಒಳಗುಂಡು ಸ್ಪ್ರಿಂಗನ್ನು ಒತ್ತಿ ದಾರಿಯನ್ನು ಕಿರಿದಾಗಿಸುತ್ತದೆ, ರಸ್ತೆಯ ವೇಗದಲ್ಲಿ ಅಗಲಿಸುತ್ತದೆ, ಎಂಜಿನ್ ಹಿಂದಕ್ಕೆ ಸಿಡಿದರೆ ಮುಚ್ಚಿಬಿಡುತ್ತದೆ. ಹೀಗೆ ಇದರಲ್ಲಿ ಎಣ್ಣೆಯ ಪಸೆ ಇರುವ ಗಾಳಿ ಎಡೆಬಿಡದೆ, ಅಳತೆಗೆ ತಕ್ಕಂತೆ ಹರಿಯುತ್ತಿರುತ್ತದೆ, ಕಾರ್ಬೊರೇಟರಿನ ಐಡ್ಲಿಂಗ್ ಮಿಶ್ರಣವನ್ನೂ ಆ ಗಾಳಿಯನ್ನು ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ.

ಈ ಎರಡನ್ನು ಒಂದು ಟಿಯಲ್ಲಿ ಸೇರಿಸಿದಾಗ ಏನಾಗುತ್ತದೆ? ಪಿಸಿವಿಯ ಗಾಳಿ ಸದಾ ಹರಿಯುತ್ತಿರುವುದರಿಂದ, ಟಿಯಿಂದ ಮ್ಯಾನಿಫೋಲ್ಡಿನ ತನಕದ ತುಂಡಿನಲ್ಲಿ ಸ್ವಲ್ಪ ನಿರ್ವಾತ ಸವೆದುಹೋಗುತ್ತದೆ, ಬೂಸ್ಟರ್ ಮತ್ತೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎಣ್ಣೆಯ ಪಸೆ ನಾನ್-ರಿಟರ್ನ್ ವಾಲ್ವಿನ ರಬ್ಬರಿನ ಮೇಲೆ ಕೂತು, ಮೊದಲು ಅಂಟಂಟಾಗಿ, ಆಮೇಲೆ ಗಟ್ಟಿಯಾಗಿ, ವಾಲ್ವು ಸರಿಯಾಗಿ ಮುಚ್ಚದಂತೆ ಮಾಡುತ್ತದೆ. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಅದೇ ಆವಿ ನಿಧಾನವಾಗಿ ಬೂಸ್ಟರಿನ ಕಡೆಗೂ ಸರಿದು ಡಯಾಫ್ರಂನ ರಬ್ಬರನ್ನು ಉಬ್ಬಿಸಬಹುದು. ಇವೆಲ್ಲ ತಿಂಗಳುಗಟ್ಟಲೆ ನಡೆಯುವ ಕೆಡುಕುಗಳು. ಕ್ಷಣದಲ್ಲಿ ಆಗುವ ಕೆಡುಕು ನನಗೆ ಆದದ್ದು. ಪಿಸಿವಿ ಬದಿಯ ಪೈಪು ಕಳಚಿದರೆ ಮ್ಯಾನಿಫೋಲ್ಡಿನೊಳಗೆ ಇನ್ನೂ ಒಂದಷ್ಟು ನಿರ್ವಾತ ಉಳಿದಿರಬಹುದು, ಏಕೆಂದರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತ ಆ ತೂತಿನಿಂದ ಬಂದ ಗಾಳಿಯನ್ನು ಎಳೆದು ಹಾಕುತ್ತಿರುತ್ತವೆ. ಆದರೆ ಟಿಯ ಬಾಯಲ್ಲೇ ಹೊರಗಾಳಿ ತುಂಬಿಕೊಳ್ಳುವುದರಿಂದ ಬೂಸ್ಟರಿಗೆ ಸಿಗುವುದು ಆ ಹೊರಗಾಳಿಯೇ. ಅದೇ ಪಿಸಿವಿ ಪೈಪು ಬೇರೆ ನಿಪ್ಪಲಿನಿಂದ ಕಳಚಿದ್ದರೆ ಎಂಜಿನ್ ಒರಟಾಗುತ್ತಿತ್ತು, ನಿರ್ವಾತವೂ ಕುಗ್ಗುತ್ತಿತ್ತು, ಆದರೂ ಪೆಡಲಿನಡಿಯಲ್ಲಿ ಸ್ವಲ್ಪವಾದರೂ ನೆರವು ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ತಿಳಿದ ಮೇಲೆ ಟಿಯ ಪರವಾಗಿ ವಾದಿಸಲು ನನಗೆ ಒಂದು ಮಾತೂ ದೊರೆತಿಲ್ಲ.

ನಿರ್ವಾತವನ್ನು ಎಲ್ಲಿಂದ ತೆಗೆಯಬಹುದು

ಎಲ್ಲಕ್ಕಿಂತ ಮೇಲಾದ ದಾರಿ ಎರಡು ಬೇರೆ ನಿಪ್ಪಲುಗಳು. ಬ್ರೇಕಿಗೆ ಮ್ಯಾನಿಫೋಲ್ಡಿನ ಮೇಲಿನದು, ಪಿಸಿವಿಗೆ ಕಾರ್ಬೊರೇಟರಿನ ಬುಡದಲ್ಲಿ ಬಟರ್‌ಫ್ಲೈಯ ಕೆಳಗೆ ಇರುವ ದಪ್ಪ ನಿಪ್ಪಲ್. ಈ ಹಂಚಿಕೆಗೆ ಕಾರಣವಿದೆ. ಪಿಸಿವಿಯ ಗಾಳಿ ಸದಾ ಹರಿಯುವುದರಿಂದ ಅದು ನಾಲ್ಕೂ ಸಿಲಿಂಡರುಗಳಿಗೆ ಸಮನಾಗಿ ಹಂಚಿಹೋಗಬೇಕು. ಕಾರ್ಬೊರೇಟರಿನ ಬುಡದಲ್ಲಿ, ದಾರಿ ಕವಲೊಡೆಯುವ ಮೊದಲೇ ಅದನ್ನು ಸೇರಿಸಿದರೆ ಹೊಸ ಮಿಶ್ರಣದೊಂದಿಗೆ ಚೆನ್ನಾಗಿ ಬೆರೆಯುತ್ತದೆ. ಬ್ರೇಕಿಗೆ ಹಾಗೆ ಹಂಚಿಹೋಗುವ ಅಗತ್ಯವಿಲ್ಲ, ಅದಕ್ಕೆ ಬೇಕಾದದ್ದು ನೇರವಾದ ಅಗಲವಾದ ದಾರಿ.

ಕಾರ್ಬೊರೇಟರಿನ ಮೈಮೇಲೆ ಇರುವ ಎಲ್ಲ ನಿಪ್ಪಲುಗಳೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬಟರ್‌ಫ್ಲೈಗಿಂತ ಸ್ವಲ್ಪ ಮೇಲೆ ತೆರೆದುಕೊಳ್ಳುವ ಸಣ್ಣ ನಿಪ್ಪಲ್ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸಿಗೆ, ಅಂದರೆ ಕಿಡಿಯ ಸಮಯವನ್ನು ಮುಂದೆ ತರುವ ಭಾಗಕ್ಕೆ, ಮೀಸಲು. ಐಡ್ಲಿಂಗಿನಲ್ಲಿ ಅದರಲ್ಲಿ ನಿರ್ವಾತವೇ ಇರುವುದಿಲ್ಲ. ಬೂಸ್ಟರನ್ನು ಅಪ್ಪಿತಪ್ಪಿ ಅದಕ್ಕೆ ಜೋಡಿಸಿದರೆ, ಎಕ್ಸಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲೆ ಇಟ್ಟ ಕ್ಷಣಕ್ಕೆ ಸರಿಯಾಗಿ ನೆರವು ನಿಲ್ಲುತ್ತದೆ. ಗುರುತಿಸುವುದು ಕಷ್ಟವಲ್ಲ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ನಿಪ್ಪಲಿನ ಬಾಯಿಗೆ ಬೆರಳಿಟ್ಟು ನೋಡಿ, ಬಲವಾಗಿ ಎಳೆದು ಹಿಡಿದರೆ ಅದು ಬಟರ್‌ಫ್ಲೈಯ ಕೆಳಗಿನದು. ಐಡ್ಲಿಂಗಿನಲ್ಲಿ ಎಳೆಯದೆ, ಸ್ವಲ್ಪ ರೇಸ್ ಕೊಟ್ಟಾಗ ಮಾತ್ರ ಎಳೆದರೆ ಮೇಲಿನದು.

ಎರಡನೇ ನಿಪ್ಪಲ್ ಇಲ್ಲದಿದ್ದರೆ ಮಾಡಿಸಿಕೊಳ್ಳಬಹುದು. ಇದಕ್ಕೆ ಎರಡು ಬಗೆ. ಮೊದಲನೆಯದು ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡಿನ ನಡುವೆ ಅಲ್ಯೂಮಿನಿಯಮ್ಮಿನ ಸ್ಪೇಸರ್ ಇಟ್ಟು, ಅದರ ಬದಿಯಲ್ಲಿ ನಿಪ್ಪಲ್ ಕೂರಿಸುವುದು. 20ರಿಂದ 25 ಮಿಲಿಮೀಟರ್ ದಪ್ಪದ ಸ್ಪೇಸರನ್ನು ಬೈಕಂಪಾಡಿಯ ಕೈಗಾರಿಕಾ ಪ್ರದೇಶದಂತಹ ಕಡೆ, ಯಾವುದಾದರೂ ಲೇತ್ ಮತ್ತು ಮಿಲ್ಲಿಂಗ್ ಇರುವ ವರ್ಕ್‌ಶಾಪಿನಲ್ಲಿ, ಹಳೆಯ ಗ್ಯಾಸ್ಕೆಟನ್ನೇ ಅಳತೆಗೆ ಕೊಟ್ಟು ಮಾಡಿಸಿಕೊಳ್ಳಬಹುದು. ಮ್ಯಾನಿಫೋಲ್ಡನ್ನು ಮುಟ್ಟಬೇಕಾಗಿಲ್ಲ, ಬೇಡವೆನಿಸಿದರೆ ತೆಗೆದುಬಿಡಬಹುದು ಎಂಬುದು ಇದರ ಗುಣ. ಕಾರ್ಬೊರೇಟರ್ ಅಷ್ಟು ಮೇಲಕ್ಕೆ ಏರುವುದರಿಂದ ಏರ್ ಫಿಲ್ಟರ್ ಬಾನೆಟ್ಟಿಗೆ ತಾಗಬಹುದು, ಎಕ್ಸಲರೇಟರ್ ಕೇಬಲ್ಲಿನ ಬ್ರಾಕೆಟ್ಟನ್ನು ಸರಿಹೊಂದಿಸಬೇಕಾಗುತ್ತದೆ, ಸ್ಟಡ್ಡುಗಳು ಉದ್ದವಾಗಬೇಕು. ಎರಡು ಗ್ಯಾಸ್ಕೆಟ್ಟುಗಳಾಗುವುದರಿಂದ ಗಾಳಿ ಸೋರುವ ಜಾಗವೂ ಒಂದು ಹೆಚ್ಚುತ್ತದೆ. ಎರಡನೆಯದು ಮ್ಯಾನಿಫೋಲ್ಡಿಗೇ ತೂತು ಕೊರೆದು, ಒಳಗೆ ಸ್ಕ್ರೂವಿನ ಸುತ್ತು, ಅಂದರೆ ಚೂಡಿ, ಹಾಕಿ, ಹಿತ್ತಾಳೆಯ ನಿಪ್ಪಲ್ ಕೂರಿಸುವುದು. ಕೆಲಸ ಅಚ್ಚುಕಟ್ಟು, ಬಾಳಿಕೆ ಹೆಚ್ಚು, ಎತ್ತರದ ತೊಂದರೆ ಇಲ್ಲ. ಮ್ಯಾನಿಫೋಲ್ಡನ್ನು ಎಂಜಿನ್ನಿನಿಂದ ಬಿಚ್ಚಿ ಹೊರಗೆ ತೆಗೆಯದೆ ಮಾತ್ರ ಯಾರಿಗೂ ಕೊರೆಯಲು ಬಿಡಬೇಡಿ. ಡ್ರಿಲ್ಲಿಗೆ ಗ್ರೀಸ್ ಹಚ್ಚಿದರೆ ಪುಡಿ ಒಳಗೆ ಬೀಳುವುದಿಲ್ಲ ಎನ್ನುವವರಿದ್ದಾರೆ. ಬೀಳುವ ಒಂದೇ ಒಂದು ಚೂರು ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡರೂ ಹೆಡ್ ಇಳಿಸಬೇಕಾದೀತು. ಮ್ಯಾನಿಫೋಲ್ಡ್ ಬಿಚ್ಚಲು ಸಮಯವಿದ್ದರೆ ನಾನು ಈ ದಾರಿಯನ್ನೇ ಆರಿಸುತ್ತೇನೆ, ನನ್ನ ಜಿಪ್ಸಿಗೆ ಕೊನೆಗೆ ಮಾಡಿಸಿದ್ದೂ ಇದನ್ನೇ.

ಕೊರೆಯುವ ಜಾಗದ ಆಯ್ಕೆಯಲ್ಲಿ ಎಡವಬಾರದು. ಒಂದೇ ಸಿಲಿಂಡರಿಗೆ ಹೋಗುವ ಕವಲಿನಲ್ಲಿ ಕೊರೆದು ಅದಕ್ಕೆ ಪಿಸಿವಿ ಜೋಡಿಸಿದರೆ ಆ ಸಿಲಿಂಡರಿಗೆ ಮಾತ್ರ ಸದಾ ಹೆಚ್ಚುವರಿ ಗಾಳಿ ಮತ್ತು ಎಣ್ಣೆಯ ಪಸೆ ಹೋಗುತ್ತದೆ, ಅದರ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಐಡ್ಲಿಂಗಿನಲ್ಲಿ ಮಿಸ್ಸಿಂಗ್ ಬರುತ್ತದೆ, ಎಷ್ಟು ಟ್ಯೂನಿಂಗ್ ಮಾಡಿದರೂ ಸರಿಹೋಗುವುದಿಲ್ಲ. ಬೂಸ್ಟರನ್ನು ಒಂದು ಕವಲಿಗೆ ಜೋಡಿಸುವುದು ಇಷ್ಟು ಕೆಟ್ಟದ್ದಲ್ಲ. ಬ್ರೇಕ್ ಬಿಟ್ಟ ಕ್ಷಣಕ್ಕೆ ಆ ಒಂದು ಸಿಲಿಂಡರಿನ ಮಿಶ್ರಣ ತೆಳುವಾಗುತ್ತದೆ, ಆಮೇಲೆ ಸರಿಯಾಗುತ್ತದೆ. ಬೇರೆ ಜಾಗವೇ ಇಲ್ಲದಾಗ ಕವಲನ್ನು ಬ್ರೇಕಿಗೆ ಕೊಟ್ಟು, ದಾರಿ ಕವಲೊಡೆಯುವ ಮೊದಲಿನ ನಡುವಿನ ಕೋಣೆಯನ್ನು ಪಿಸಿವಿಗೆ ಬಿಡುವುದು ಸರಿಯಾದ ರಾಜಿ.

ಪ್ರತಿ ಸಿಲಿಂಡರಿಗೂ ಬೇರೆ ದಾರಿ ಇರುವ ಜೋಡಿ ಕಾರ್ಬೊರೇಟರುಗಳ ಎಂಜಿನ್ನುಗಳಲ್ಲಿ ಹಂಚಿಕೆಯ ಕೋಣೆಯೇ ಇರುವುದಿಲ್ಲ. ಅಲ್ಲಿ ನಾಲ್ಕೂ ಕವಲುಗಳಿಂದ ಸಣ್ಣ ಪೈಪುಗಳನ್ನು ಎಳೆದು ಒಂದು ಚಿಕ್ಕ ಲೋಹದ ಡಬ್ಬಿಗೆ ಸೇರಿಸಿ, ಆ ಡಬ್ಬಿಯಿಂದ ನಾನ್-ರಿಟರ್ನ್ ವಾಲ್ವಿನ ಮೂಲಕ ಬೂಸ್ಟರಿಗೆ ಪೈಪು ಕೊಡಬೇಕು. ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮ್ ಬದಲಿಸಿದ್ದರಿಂದ ಐಡ್ಲಿಂಗಿನ ನಿರ್ವಾತ ಕಡಿಮೆಯಾಗಿರುವ ಎಂಜಿನ್ನುಗಳಿಗೂ ಮೀಸಲು ಡಬ್ಬಿ ಉಪಯೋಗಕ್ಕೆ ಬರುತ್ತದೆ. ಆದರೆ ಡಬ್ಬಿ ನಿರ್ವಾತವನ್ನು ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಸಾಲು ತಿರುವುಗಳಲ್ಲಿ ಪದೇ ಪದೇ ಬ್ರೇಕ್ ಹಿಡಿದರೆ ಅದೂ ಬರಿದಾಗುತ್ತದೆ. ಅಂತಹ ಎಂಜಿನ್ನಿಗೆ ವಿದ್ಯುತ್ತಿನ ವ್ಯಾಕ್ಯೂಮ್ ಪಂಪ್ ಒಂದೇ ಭರವಸೆಯ ಉತ್ತರ. ಅದಕ್ಕೆ ಬೇಕಾದ ರಿಲೇ, ಫ್ಯೂಸ್, ನಿರ್ವಾತ ತಿಳಿಯುವ ಸ್ವಿಚ್ಚು ಎಲ್ಲವನ್ನೂ ನೀರು ತಾಗದ ಜಾಗದಲ್ಲಿ ಕೂರಿಸಬೇಕು.

ದಾರಿಯ ನಡುವೆ ನಿಪ್ಪಲ್ ಮುರಿದು, ಊರು ತಲುಪುವ ತನಕ ಟಿ ಹಾಕಲೇಬೇಕಾದ ಸಂದರ್ಭ ಬರಬಹುದು. ಆಗ ಟಿಯನ್ನು ಮ್ಯಾನಿಫೋಲ್ಡಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಇಡಿ, ಬ್ರೇಕಿನ ನಾನ್-ರಿಟರ್ನ್ ವಾಲ್ವು ಟಿ ಮತ್ತು ಬೂಸ್ಟರಿನ ನಡುವೆಯೇ ಇರಲಿ, ಪಿಸಿವಿ ವಾಲ್ವು ಅದರದೇ ಕೈಯಲ್ಲಿ ಇರಲಿ, ಲೋಹದ ಟಿಯನ್ನೇ ಬಳಸಿ. ಘಾಟಿ ಇಳಿಯುವುದಿದ್ದರೆ ಪಿಸಿವಿಯ ನಿಪ್ಪಲಿಗೆ ಬಿರಡೆ ಹಾಕಿ ಬ್ರೇಕಿಗೆ ಮಾತ್ರ ನಿರ್ವಾತ ಕೊಡುವುದೇ ಲೇಸು. ಕ್ರ್ಯಾಂಕ್‌ಕೇಸಿನ ಅನಿಲ ಆ ಒಂದು ದಿನದ ಮಟ್ಟಿಗೆ ಏರ್ ಫಿಲ್ಟರಿನ ಪೈಪಿನಿಂದ ಹೊರಬರುತ್ತದೆ, ಎಂಜಿನ್ನಿಗೆ ಅದರಿಂದ ಹಾನಿಯಿಲ್ಲ.

ಕ್ರ್ಯಾಂಕ್‌ಕೇಸಿನ ಗಾಳಿಗೆ ಯಾವ ವ್ಯವಸ್ಥೆ

ಬ್ರೇಕಿಗೆ ಪೂರ್ತಿ ನಿಪ್ಪಲ್ ಕೊಟ್ಟು, ಪಿಸಿವಿಯನ್ನೇ ತೆಗೆದುಹಾಕಿ, ಟ್ಯಾಪೆಟ್ ಕವರಿನ ಮೇಲೆ ಸಣ್ಣ ಫಿಲ್ಟರ್ ಕೂರಿಸಿಬಿಡುವುದು ಕೆಲವರು ಹೇಳುವ ಸುಲಭ ಪರಿಹಾರ. ಹಳೆಯ ಕಾಲದ ಎಂಜಿನ್ನುಗಳಲ್ಲಿ ರಸ್ತೆಯ ಕಡೆಗೆ ಇಳಿಬಿಟ್ಟ ಕೊಳವೆಯ ಮೂಲಕ ಈ ಅನಿಲ ಹಾಗೆಯೇ ಹೊರಹೋಗುತ್ತಿತ್ತು. ನಿಯಂತ್ರಣವಿಲ್ಲದ ಕಾರು ಹೊರಬಿಡುತ್ತಿದ್ದ ಸುಡದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಹೀಗೆ ಕ್ರ್ಯಾಂಕ್‌ಕೇಸಿನಿಂದ ಬರುತ್ತಿತ್ತು ಎಂದು ಕಂಡುಬಂದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಹೊಸ ಕಾರುಗಳಿಂದ ಪಿಸಿವಿ ಬಂತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇಂತಹ ವಾಲ್ವು ಅದಕ್ಕೂ ಮೊದಲೇ ಇತ್ತು. ಹಾಗಾಗಿ ಇದನ್ನು ಹೊಗೆ ತಪಾಸಣೆಗಾಗಿ ಸೇರಿಸಿದ ಬೇಡದ ಭಾಗ ಎಂದು ಕಿತ್ತೆಸೆಯುವುದು ತಪ್ಪು. ತೆರೆದ ಬ್ರೀದರ್ ಒತ್ತಡವನ್ನು ಹೊರಬಿಡುತ್ತದೆಯೇ ವಿನಾ ನೀರಾವಿಯನ್ನು ಎಳೆದು ತೆಗೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ, ಸಣ್ಣ ಸಣ್ಣ ಓಡಾಟದ ಗಾಡಿಗೆ ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮೊದಲು ನೊರೆ, ಆಮೇಲೆ ಎಂಜಿನ್ನಿನೊಳಗೆ ಕೆಸರಿನಂತಹ ಮಡ್ಡಿ.

ವಾಲ್ವಿಲ್ಲದೆ ಏರ್ ಫಿಲ್ಟರಿಗೆ ಮಾತ್ರ ಪೈಪು ಕೊಡುವುದು ಅದಕ್ಕಿಂತ ಸ್ವಲ್ಪ ಮೇಲು. ಅನಿಲ ಹೊರಗೆ ಹೋಗದೆ ಉರಿಯುತ್ತದೆ, ಆದರೆ ಐಡ್ಲಿಂಗಿನಲ್ಲಿ ಎಳೆತ ತೀರ ಕಡಿಮೆ, ಫಿಲ್ಟರಿನ ಕಾಗದ ಎಣ್ಣೆಯಲ್ಲಿ ನೆನೆಯುತ್ತದೆ. ಎಣ್ಣೆ ಹಿಡಿಯುವ ಡಬ್ಬಿಯನ್ನು, ಅಂದರೆ ಕ್ಯಾಚ್ ಕ್ಯಾನನ್ನು, ಪಿಸಿವಿ ವಾಲ್ವು ಮತ್ತು ಮ್ಯಾನಿಫೋಲ್ಡಿನ ನಡುವೆ ಕೂರಿಸುವುದು ಒಳ್ಳೆಯ ಸೇರ್ಪಡೆ. ಅದನ್ನು ಪಿಸಿವಿಯ ಬದಲಿಗೆ ಹಾಕುವುದು ಸರಿಯಲ್ಲ. ಮಳೆಗಾಲದಲ್ಲಿ ಅದರಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಕೂಡುತ್ತದೆ, ಆಗಾಗ ಖಾಲಿ ಮಾಡದಿದ್ದರೆ ಪ್ರಯೋಜನವಿಲ್ಲ. ಯಾವುದೇ ವ್ಯವಸ್ಥೆಯಲ್ಲೂ ಆ ಎಂಜಿನ್ನಿಗೆ ಹೇಳಿದ ವಾಲ್ವನ್ನೇ ಬಳಸಬೇಕು. ನೋಡಲು ಒಂದೇ ತರಹ ಇರುವ ಬೇರೆ ಗಾಡಿಯ ವಾಲ್ವಿನ ಸ್ಪ್ರಿಂಗ್ ಮತ್ತು ರಂಧ್ರ ಬೇರೆ ಅಳತೆಯವಾಗಿರುತ್ತವೆ, ಐಡ್ಲಿಂಗ್ ಹತೋಟಿಗೆ ಬರುವುದಿಲ್ಲ.

ಇಂಜೆಕ್ಷನ್ ಎಂಜಿನ್ ಮತ್ತು ಡೀಸೆಲ್

ಕಾರ್ಬೊರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಗಳಲ್ಲಿ ಜೋಡಣೆಯ ನಿಯಮ ಇದೇ, ಒಂದು ವಿಷಯ ಮಾತ್ರ ಹೆಚ್ಚಿಗೆ ನೋಡಬೇಕು. ಗಾಳಿಯ ಹರಿವನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಎಂಜಿನ್ನಿನಲ್ಲಿ, ಕ್ರ್ಯಾಂಕ್‌ಕೇಸಿಗೆ ಹೋಗುವ ಸ್ವಚ್ಛ ಗಾಳಿಯ ಪೈಪು ಆ ಸೆನ್ಸರ್ ಮತ್ತು ಥ್ರಾಟಲ್ಲಿನ ನಡುವೆಯೇ ಹೊರಡಬೇಕು. ಬೇರೆ ಕಡೆಯಿಂದ ತೆಗೆದರೆ ಅಳತೆಗೆ ಸಿಗದ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡವನ್ನೇ ಅಳೆಯುವ ಮ್ಯಾಪ್ ಸೆನ್ಸರಿನ ಎಂಜಿನ್ನು ಹೆಚ್ಚುವರಿ ಗಾಳಿಯನ್ನು ಕಂಡು ಪೆಟ್ರೋಲನ್ನೂ ಹೆಚ್ಚಿಸುವುದರಿಂದ, ಪೈಪು ಸೋರಿದರೆ ಐಡ್ಲಿಂಗ್ ಏರುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನಂತೆ ವೇಗಕ್ಕೆ ಥ್ರಾಟಲ್ ಇರುವುದಿಲ್ಲವಾದ್ದರಿಂದ ಮ್ಯಾನಿಫೋಲ್ಡಿನಲ್ಲಿ ಬೂಸ್ಟರಿಗೆ ಸಾಕಾಗುವ ನಿರ್ವಾತವೂ ಇರುವುದಿಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಇಳಿಸುವವರು ಇದನ್ನು ಮರೆತು ಬೂಸ್ಟರಿನ ಪೈಪನ್ನು ಮ್ಯಾನಿಫೋಲ್ಡಿಗೆ ಜೋಡಿಸಿದರೆ ಬ್ರೇಕ್ ಮೊದಲ ದಿನದಿಂದಲೇ ಗಡುಸಾಗಿರುತ್ತದೆ. ಅಲ್ಲಿ ವ್ಯಾಕ್ಯೂಮ್ ಪಂಪ್ ಕಡ್ಡಾಯ. ಆಲ್ಟರ್ನೇಟರಿನ ಹಿಂಬದಿಯಲ್ಲಿ ಪಂಪ್ ಇರುವ ಎಂಜಿನ್ನುಗಳಲ್ಲಿ ಫ್ಯಾನ್ ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜಿನೊಂದಿಗೆ ಬ್ರೇಕಿನ ನೆರವೂ ನಿಲ್ಲುತ್ತದೆ. ಚಾರ್ಜಿಂಗ್ ದೀಪ ಹೊತ್ತಿಕೊಂಡರೆ ಘಾಟಿಯಲ್ಲಿ ಮುಂದೆ ಹೋಗಬಾರದು ಎಂದು ಹಿರಿಯ ಡ್ರೈವರುಗಳು ಹೇಳುವುದಕ್ಕೆ ಇದೇ ಕಾರಣ. ಆ ಪಂಪಿನಿಂದ ಹೊರಬೀಳುವ ಗಾಳಿ ಎಣ್ಣೆಯೊಂದಿಗೆ ಕ್ರ್ಯಾಂಕ್‌ಕೇಸಿಗೇ ಮರಳುತ್ತದೆ. ಆದ್ದರಿಂದ ಡೀಸೆಲ್ಲಿನ ಬ್ರೀದರ್ ಪೈಪು ಕಟ್ಟಿಕೊಂಡರೆ ಸೀಲುಗಳಿಂದ ಎಣ್ಣೆ ಸೋರುವುದು ಬೇಗ ಶುರುವಾಗುತ್ತದೆ.

ಪೈಪು ಮತ್ತು ಕ್ಲಿಪ್ಪು

ನನ್ನ ಜಿಪ್ಸಿಯ ಟಿ ಕಳಚಿದ್ದಕ್ಕೆ ನೇರ ಕಾರಣ ರೇಡಿಯೇಟರ್ ಬದಿಯ ಬಿಸಿನೀರಿಗೆ ಬಳಸುವ ರಬ್ಬರ್ ಪೈಪಿನ ತುಂಡು. ನೀರಿನ ಪೈಪಿಗೆ ಬಳಸುವ ಇಪಿಡಿಎಂ ರಬ್ಬರು ಬಿಸಿಯನ್ನು ತಡೆದುಕೊಳ್ಳುತ್ತದೆ, ಎಣ್ಣೆಯನ್ನು ತಡೆದುಕೊಳ್ಳುವುದಿಲ್ಲ. ಎಣ್ಣೆ ತಾಗಿದ ಕೆಲವೇ ದಿನಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಪಿಸಿವಿಗೆ ಎಣ್ಣೆ ಮತ್ತು ಪೆಟ್ರೋಲ್ ಆವಿಯನ್ನು ತಾಳುವ ನೈಟ್ರೈಲ್ ರಬ್ಬರಿನ ಪೈಪೇ ಬೇಕು. ಬ್ರೇಕಿಗೆ ವ್ಯಾಕ್ಯೂಮ್ ಬ್ರೇಕ್ ಹೋಸ್ ಎಂದೇ ಮಾರುವ, ಒಳಗೆ ನೂಲಿನ ಹೆಣಿಗೆಯಿರುವ ದಪ್ಪ ಗೋಡೆಯ ಪೈಪು ಬೇಕು, ಏಕೆಂದರೆ ಪೆಟ್ರೋಲ್ ಪೈಪಿನಂತಹ ತೆಳುವಾದದ್ದು ಬಿಸಿಯಾದಾಗ ತಿರುವಿನಲ್ಲಿ ಒಳಕ್ಕೆ ಕುಸಿದು ದಾರಿಯನ್ನೇ ಮುಚ್ಚಿಬಿಡುತ್ತದೆ, ಎಂಜಿನ್ ತಣ್ಣಗಾದ ಮೇಲೆ ಮತ್ತೆ ತೆರೆದುಕೊಂಡು ದೋಷ ಸಿಗದಂತೆ ಮಾಡುತ್ತದೆ. ನೀಲಿ ಕೆಂಪು ಬಣ್ಣದ ಸಿಲಿಕೋನ್ ಪೈಪುಗಳು ಕಣ್ಣಿಗೆ ಚೆಂದ, ಆದರೆ ಎಣ್ಣೆಯ ಆವಿಗೆ ಸಾಮಾನ್ಯ ಸಿಲಿಕೋನ್ ಒಗ್ಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಬಾನೆಟ್ಟಿನೊಳಗೆ ಯಾವ ಕೆಲಸಕ್ಕೂ ಬಳಸಬೇಡಿ.

ಸಮುದ್ರದ ಉಪ್ಪುಗಾಳಿಯಲ್ಲಿ ಸಾಮಾನ್ಯ ಕ್ಲಿಪ್ಪುಗಳ ಸ್ಕ್ರೂ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ತಿರುಗದಂತಾಗುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂತಹ ಕಡಲ ಬದಿಯ ಊರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ಪಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಬೂಸ್ಟರಿನ ಪೈಪನ್ನು ಮ್ಯಾನಿಫೋಲ್ಡಿನಿಂದ ಬೂಸ್ಟರಿನ ಕಡೆಗೆ ಸ್ವಲ್ಪ ಏರುವಂತೆ ಹಾಯಿಸಿದರೆ, ತೇವವೋ ಪೆಟ್ರೋಲ್ ಹನಿಯೋ ಸೇರಿದರೂ ಮರಳಿ ಎಂಜಿನ್ನಿನ ಕಡೆಗೇ ಜಾರುತ್ತದೆ.

ಜೋಡಿಸಿದ ಮೇಲೆ ಪರೀಕ್ಷೆ

ನಾನ್-ರಿಟರ್ನ್ ವಾಲ್ವನ್ನು ಕೂರಿಸುವ ಮೊದಲೇ ಬಾಯಿಂದ ಊದಿ ನೋಡಿ. ಬೂಸ್ಟರ್ ಬದಿಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಬದಿಯಿಂದ ಹೋಗಬಾರದು. ಜೋಡಣೆ ಮುಗಿದ ಮೇಲೆ ಎಂಜಿನ್ ನಿಂತಿರುವಾಗಲೇ ಪೆಡಲನ್ನು ಗಡುಸಾಗುವ ತನಕ ನಾಲ್ಕೈದು ಬಾರಿ ಒತ್ತಿ, ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಿನಡಿಯಲ್ಲಿ ತಾನಾಗಿ ಸ್ವಲ್ಪ ಇಳಿದರೆ ಬೂಸ್ಟರಿಗೆ ನಿರ್ವಾತ ತಲುಪುತ್ತಿದೆ. ಬಳಿಕ ಎಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಒತ್ತಿದಾಗ ಮೊದಲ ಒಂದೆರಡು ಸಲ ಮೆತ್ತಗಿದ್ದರೆ ವಾಲ್ವು ಹಿಡಿದುಕೊಂಡಿದೆ. ಕೊನೆಯದಾಗಿ ಐಡ್ಲಿಂಗಿನಲ್ಲಿ ಪೆಡಲ್ ಒತ್ತಿ ಹಿಡಿದು ಎಂಜಿನ್ ನಿಲ್ಲಿಸಿ, ಅರ್ಧ ನಿಮಿಷ ಹಾಗೆಯೇ ಇರಿ. ಪೆಡಲ್ ಮೇಲಕ್ಕೆ ತಳ್ಳಿದರೆ ಎಲ್ಲೋ ಸೋರಿಕೆಯಿದೆ.

ಪಿಸಿವಿಗೆ ಐಡ್ಲಿಂಗಿನಲ್ಲಿ ವಾಲ್ವನ್ನು ಟ್ಯಾಪೆಟ್ ಕವರಿನಿಂದ ಕಿತ್ತು ಅದರ ಬಾಯಿಗೆ ಬೆರಳಿಡಿ. ಎಳೆತ ತಿಳಿಯಬೇಕು, ಬೆರಳು ಮುಚ್ಚಿದಾಗ ಒಳಗುಂಡು ಟಿಕ್ ಎಂದು ಸರಿಯಬೇಕು. ವಾಲ್ವನ್ನು ಮತ್ತೆ ಕೂರಿಸಿ, ಸ್ವಚ್ಛ ಗಾಳಿಯ ಪೈಪಿನ ಬಾಯನ್ನು ತಾತ್ಕಾಲಿಕವಾಗಿ ಮುಚ್ಚಿ, ಆಯಿಲ್ ಕ್ಯಾಪ್ ತೆಗೆದ ಬಾಯಿಯ ಮೇಲೆ ಒಂದು ಕಾಗದದ ಚೂರು ಇಡಿ. ಸ್ವಲ್ಪ ಹೊತ್ತಿನಲ್ಲಿ ಅದು ಮೆಲ್ಲಗೆ ಒಳಕ್ಕೆ ಅಂಟಿಕೊಂಡರೆ ವ್ಯವಸ್ಥೆ ಸರಿಯಿದೆ. ಕಾಗದ ಹಾರಿಹೋದರೆ ಪೈಪು ಕಟ್ಟಿದೆ, ಇಲ್ಲವೇ ರಿಂಗುಗಳು ಸವೆದು ವಾಲ್ವು ಎಳೆಯಬಲ್ಲದ್ದಕ್ಕಿಂತ ಹೆಚ್ಚು ಅನಿಲ ಕೆಳಗಿಳಿಯುತ್ತಿದೆ, ಆಗ ಪೈಪಿನ ಕೆಲಸದಿಂದ ಫಲವಿಲ್ಲ.

ಈ ಎರಡೂ ಸರಿಯಾದ ಮೇಲೆ ವ್ಯಾಕ್ಯೂಮ್ ಗೇಜನ್ನು ಬ್ರೇಕಿನ ಪೈಪಿಗೇ ತಾತ್ಕಾಲಿಕವಾಗಿ ಸೇರಿಸಿ, ಐಡ್ಲಿಂಗಿನಲ್ಲಿ ಪೆಡಲನ್ನು ಬೇಗ ಬೇಗ ಮೂರು ಸಲ ಒತ್ತಿ ಬಿಡಿ. ಮುಳ್ಳು ಬಿದ್ದು, ಒಂದೆರಡು ಸೆಕೆಂಡಿನಲ್ಲಿ ಮೊದಲಿನ ಅಂಕಿಗೆ ಮರಳಬೇಕು. ನನ್ನ ಗಾಡಿಯಲ್ಲಿ ಟಿ ಇದ್ದಾಗ ಈ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ. ಬೇರೆ ನಿಪ್ಪಲ್ ಹಾಕಿಸಿದ ಮೇಲೆ ಮಾಡಿದೆ, ಮರುದಿನ ಹೆಬ್ರಿ, ಸೋಮೇಶ್ವರದ ದಾರಿಯಲ್ಲಿ ಘಾಟಿ ಹತ್ತಿ, ಅದೇ 14 ತಿರುವುಗಳನ್ನು ಅದೇ ಎರಡನೇ ಗೇರಿನಲ್ಲಿ ಇಳಿದು, ಪೆಡಲ್ ಪ್ರತಿ ತಿರುವಿನಲ್ಲೂ ಒಂದೇ ಸಮನಾಗಿ ಇಳಿಯುವುದನ್ನು ನೋಡಿ ಮನೆಗೆ ಬಂದೆ.